ದುರ್ಗದಿಂದ ಪೇಟೆಗೆ: ಮೈಸೂರು ಸೀಮೆಯ ಸ್ಥಳಚಿತ್ರಗಳು

ಒಂದು ಜಾಗದ ಎದುರಿಗೇ ಕುಳಿತು, ಕಣ್ಣಿಗೆ ಕಂಡದ್ದನ್ನು ಅಲ್ಲಿಯೇ ಕಾಗದಕ್ಕೆ ಇಳಿಸಿದ ಚಿತ್ರಗಳು ಮೈಸೂರು ಸೀಮೆಯ ಮಟ್ಟಿಗೆ ದೊಡ್ಡ ಸಂಖ್ಯೆಯಲ್ಲಿ ದೊರೆಯತೊಡಗುವುದು ಯುದ್ಧಕಾಲದಲ್ಲಿ. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದ ಹೊತ್ತಿನಲ್ಲಿ ಕಾರ್ನ್‌ವಾಲಿಸನ ಸೇನೆಯನ್ನು ಹಿಂಬಾಲಿಸಿ ಬಂದ ವೃತ್ತಿಪರ ಚಿತ್ರಕಾರ ರಾಬರ್ಟ್ ಹೋಮ್ ಮತ್ತು ಸೈನಿಕ ವೃತ್ತಿಯಲ್ಲಿದ್ದ ಅಲೆಕ್ಸಾಂಡರ್ ಅಲನ್, ರಾಬರ್ಟ್ ಕೋಲ್‌ಬ್ರೂಕ್, ಜೇಮ್ಸ್ ಹಂಟರ್ ಮೊದಲಾದವರು ಬೆಂಗಳೂರಿನ ಕೋಟೆಯನ್ನೂ ಸಾವನದುರ್ಗದ ಬಂಡೆಯನ್ನೂ ಶ್ರೀರಂಗಪಟ್ಟಣದ ಸುತ್ತಣ ಬಯಲನ್ನೂ ಬರೆದರು. ಹೋಮ್ ಮತ್ತು ಅಲನ್ ಇಬ್ಬರ ಚಿತ್ರಸಂಪುಟಗಳೂ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಹಂಟರ್ 1792ರಲ್ಲಿಯೇ ತೀರಿಕೊಂಡದ್ದರಿಂದ ಅವನ ಚಿತ್ರಗಳನ್ನು ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕ 1804-05ರಲ್ಲಿ ಅಕ್ವಾಟಿಂಟ್ ವಿಧಾನದಲ್ಲಿ, ಅಂದರೆ ತಾಮ್ರದ ತಗಡಿನ ಮೇಲೆ ರಾಳದ ಪುಡಿ ಕೂರಿಸಿ ಆಮ್ಲದಿಂದ ಕೊರೆಯಿಸಿ ಜಲವರ್ಣದ ತೆಳುಛಾಯೆಯನ್ನು ಹೋಲುವಂತೆ ಮುದ್ರಿಸುವ ಕ್ರಮದಲ್ಲಿ, ಹೊರತಂದ.

ಸೈನಿಕರ ಕೈಗೆ ಕುಂಚ ಬಂದದ್ದು ಹವ್ಯಾಸದಿಂದ ಮಾತ್ರವೇ ಅಲ್ಲ. ಫಿರಂಗಿ ದಳದ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ವೂಲಿಚ್ ಸೈನಿಕ ಶಾಲೆಯಲ್ಲಿ ಚಿತ್ರ ಬರೆಯುವುದು ಪಾಠದ ಭಾಗವಾಗಿತ್ತು. 1768ರಿಂದ ಸುಮಾರು ಮೂರು ದಶಕ ಅಲ್ಲಿ ಮುಖ್ಯ ಡ್ರಾಯಿಂಗ್ ಮೇಷ್ಟರಾಗಿದ್ದವರು ಇಂಗ್ಲಿಷ್ ಜಲವರ್ಣ ಪರಂಪರೆಯ ಹಿರಿಯರಲ್ಲಿ ಒಬ್ಬರೆಂದು ಗಣನೆಯಾಗುವ ಪಾಲ್ ಸ್ಯಾಂಡ್‌ಬಿ. ಬೆಟ್ಟದ ಏರು ಎಷ್ಟು, ಗೋಡೆಯ ಇಳಿಜಾರು ಎತ್ತ, ಹೊಳೆಯನ್ನು ಎಲ್ಲಿ ದಾಟಬಹುದು ಎಂಬುದನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ಬರೆದು ತೋರಿಸುವುದು ಲೇಸೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಹಾಗಾಗಿ ಆ ಚಿತ್ರಗಳಲ್ಲಿ ದುರ್ಗವೂ ಕೋಟೆಬಾಗಿಲೂ ಮುಖ್ಯವಾದವು, ಊರು ಹಿನ್ನೆಲೆಗೆ ಸರಿಯಿತು. ಹಂಟರನ ಸಂಪುಟದಲ್ಲಿ ಬೆಂಗಳೂರಿನ ಒಂದು ಬೀದಿಯ ಚಿತ್ರ ಇದೆಯೆಂಬುದು ನಿಜ. ಆದರೆ ಅದರ ಶೀರ್ಷಿಕೆಯ ಪ್ರಕಾರ ಅದು ಅರಮನೆಗೆ ಹೋಗುವ ಬೀದಿ, ಎಂದರೆ ಬೀದಿಗೆ ಚಿತ್ರದಲ್ಲಿ ಸ್ಥಾನ ಸಿಕ್ಕದ್ದು ಅರಮನೆಯ ದೆಸೆಯಿಂದ.

ಸಲಕರಣೆಯ ಚರಿತ್ರೆಯನ್ನು ಬಿಟ್ಟು ಈ ಚಿತ್ರಗಳ ಚರಿತ್ರೆಯನ್ನು ಹೇಳಲಾಗದು. ಹದಿನೆಂಟನೆಯ ಶತಮಾನದ ಬಹುಭಾಗದಲ್ಲಿ ಬಣ್ಣವೆಂದರೆ ವರ್ಣದ್ರವ್ಯವನ್ನು ಕಲ್ಲಿನ ಮೇಲೆ ಅರೆದು, ಗೋಂದಿನ ನೀರಿನಲ್ಲಿ ಕಲಸಿ ಸಿದ್ಧಪಡಿಸಬೇಕಾದ ವಸ್ತುವಾಗಿತ್ತು. ಅದನ್ನು ಹೊತ್ತುಕೊಂಡು ಬಯಲಿಗೆ ಹೋಗುವುದು ಸುಲಭವಿರಲಿಲ್ಲ. ಲಂಡನ್ನಿನ ರೀವ್ಸ್ ಸೋದರರು ಬಣ್ಣವನ್ನು ಒಣ ಬಿಲ್ಲೆಗಳಾಗಿ ಅಚ್ಚುಹಾಕಿ, ಒದ್ದೆ ಕುಂಚ ತಾಕಿಸಿದ ಕೂಡಲೇ ಬಿಡುವಂತೆ ಮಾಡಿದ್ದಕ್ಕಾಗಿ ಅಲ್ಲಿನ ಕಲಾ ಪ್ರೋತ್ಸಾಹಕ ಸಂಸ್ಥೆಯೊಂದು 1781ರಲ್ಲಿ ಅವರಿಗೆ ಬೆಳ್ಳಿಯ ಪುರಸ್ಕಾರ ಕೊಟ್ಟಿತು. ಮೈಸೂರಿನ ಯುದ್ಧಕ್ಕೂ ಈ ಬಿಲ್ಲೆಗಳಿಗೂ ನಡುವೆ ಇರುವ ಅಂತರ ಹತ್ತೇ ವರ್ಷ. ಫ್ರಾನ್ಸಿನಲ್ಲಿ ಯುದ್ಧದ ಕಾರಣ ಇಂಗ್ಲಿಷ್ ಗ್ರಾಫೈಟ್ ಬರುವುದು ನಿಂತಾಗ ನಿಕೋಲಾ ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಇಂದಿನ ಪೆನ್ಸಿಲಿನ ಕಡ್ಡಿಯನ್ನು ಮಾಡಿದ್ದು 1795ರಲ್ಲಿ. ಇವೆರಡೂ ಸೇರಿ ಚಿತ್ರಶಾಲೆಯನ್ನು ಜೇಬಿಗೆ ಇಳಿಸಿದವು ಎನ್ನಬಹುದು.

ಈ ಸಲಕರಣೆಗಳ ಪೂರ್ಣ ಪ್ರಯೋಜನ ಪಡೆದವರಲ್ಲಿ 1873ರಿಂದ 1875ರವರೆಗೆ ಭಾರತದಲ್ಲಿ ಸುತ್ತಾಡಿ, ಆ ನಡುವೆ ಬೆಂಗಳೂರಿಗೂ ಬಂದುಹೋದ ಎಡ್ವರ್ಡ್ ಲಿಯರ್ ಮುಖ್ಯ. ಮಕ್ಕಳ ಅಸಂಬದ್ಧ ಪದ್ಯಗಳ ಕವಿಯೆಂದು ಹೆಸರಾದ ಈತ ವೃತ್ತಿಯಿಂದ ಭೂದೃಶ್ಯ ಚಿತ್ರಕಾರ. ಸ್ಥಳದಲ್ಲಿ ಪೆನ್ಸಿಲಿನಿಂದ ಬೇಗಬೇಗ ಬರೆದುಕೊಂಡು, ಯಾವ ಭಾಗಕ್ಕೆ ಯಾವ ಬಣ್ಣ ಎಂಬುದನ್ನು ಚಿತ್ರದ ಮೇಲೆಯೇ ಅಕ್ಷರಗಳಲ್ಲಿ ಗುರುತುಹಾಕಿ, ಊರು, ತಾರೀಖು, ಎಷ್ಟೋ ಸಲ ಗಂಟೆಯನ್ನೂ ನಮೂದಿಸಿ, ಆಮೇಲೆ ಬಿಡುವಾದಾಗ ಗೆರೆಗೆ ಮಸಿ ತಿದ್ದಿ ಬಣ್ಣ ಹಚ್ಚುವುದು ಅವನ ಕ್ರಮವಾಗಿತ್ತು. ಗೆರೆ ಬಯಲಿನಲ್ಲಿ, ಬಣ್ಣ ಬಿಡಾರದಲ್ಲಿ ಎಂಬ ಈ ವಿಭಜನೆಯೇ ಮುಂದೆ ಬರಲಿದ್ದ ಒಂದು ಸಲಕರಣೆಯ ಕೊರತೆಯನ್ನು ತೋರಿಸುತ್ತದೆ.

ಇದೇ ಕಾಲದಲ್ಲಿ ಇಲ್ಲಿನ ಚಿತ್ರಗಾರ ಮನೆತನಗಳು ಏನು ಮಾಡುತ್ತಿದ್ದವು ಎಂಬ ಪ್ರಶ್ನೆ ಸಹಜ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪೊಲ್ಲಿಲೂರಿನ ಕದನವನ್ನು ಬರೆದವರ ಕೈಚಳಕ ಕಡಿಮೆಯದೇನಲ್ಲ; ಆದರೆ ಮೈಸೂರು ಶೈಲಿಯ ಚಿತ್ರಗಾರನು ಲಕ್ಷಣಗ್ರಂಥದ ಅಳತೆಯಿಂದ, ಗುರುವಿನಿಂದ ಬಂದ ಮಾದರಿಯಿಂದ, ನೆನಪಿನಿಂದ ಬರೆಯುತ್ತಿದ್ದನೇ ಹೊರತು ಬೀದಿಯಲ್ಲಿ ಕುಳಿತು ಎದುರಿನ ಅಂಗಡಿಯನ್ನು ನೋಡಿ ಬರೆಯುವುದು ಅವನ ಕಸುಬಿನ ಭಾಗವಾಗಿರಲಿಲ್ಲ. ಆ ಅಭ್ಯಾಸ ಬೆಳೆದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, 1919ರಲ್ಲಿ ಅ.ನ. ಸುಬ್ಬರಾಯರು ಬೆಂಗಳೂರಿನಲ್ಲಿ ಆರಂಭಿಸಿದ ಕಲಾಮಂದಿರ ಮುಂತಾದ ಶಾಲೆಗಳ ಕಾಲದಲ್ಲಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು ಮೈಸೂರಿಗೆ ಮರಳಿದ ಕೆ. ವೆಂಕಟಪ್ಪನವರು ಊಟಿಯ ಮಂಜು ಮೋಡಗಳನ್ನು ಜಲವರ್ಣದಲ್ಲಿ ಅಸಾಧಾರಣ ಸಂಯಮದಿಂದ ಬರೆದರು. ಸಂತೆಬೀದಿ ಅವರನ್ನು ಅಷ್ಟಾಗಿ ಸೆಳೆಯಲಿಲ್ಲ. ಬೆಂಗಳೂರಿನ ಹೂಮರಗಳ ರಸ್ತೆಗಳನ್ನು ಮತ್ತೆ ಮತ್ತೆ ಬರೆದ ರುಮಾಲೆ ಚನ್ನಬಸವಯ್ಯನವರಲ್ಲಿ ಬೀದಿ ಇದೆ, ಆದರೆ ಮರದ ಕೆಳಗೆ ಇದೆ. ಬೀದಿಯ ಮನುಷ್ಯನನ್ನು ಅವನ ಕೊಡೆ, ಚೀಲ, ಚಪ್ಪಲಿಗಳ ಸಮೇತ ಹಿಡಿದವರು ಮೈಸೂರಿನಲ್ಲೇ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್, 1942ರಲ್ಲಿ ಆರಂಭವಾದ ‘ಕೊರವಂಜಿ’ ಹಾಸ್ಯಪತ್ರಿಕೆಯ ಓದುಗರಿಗೆ ಅವರ ಗೆರೆ ಪರಿಚಿತವಾಗಿತ್ತು. ಕಲಾಚರಿತ್ರೆ ಬರೆಯುವವರು ವ್ಯಂಗ್ಯಚಿತ್ರಕಾರರನ್ನು ಬೇರೆ ಪಂಕ್ತಿಯಲ್ಲಿ ಕೂರಿಸುವುದರಿಂದ ಈ ಋಣ ಲೆಕ್ಕಕ್ಕೆ ಬರುವುದು ಕಡಿಮೆ.

ಗೆರೆಯನ್ನೂ ಬಣ್ಣವನ್ನೂ ಒಂದೇ ಕಡ್ಡಿಯಲ್ಲಿ ಸೇರಿಸಿದ ವಾಟರ್‌ಕಲರ್ ಪೆನ್ಸಿಲಿನ ಪೂರ್ವಜವನ್ನು ಕಚೇರಿಗಳಲ್ಲಿ ಹುಡುಕಬೇಕು. 1870ರ ದಶಕದಲ್ಲಿ ಬಂದ ಕಾಪಿಯಿಂಗ್ ಪೆನ್ಸಿಲಿನ ಕಡ್ಡಿಯಲ್ಲಿ ನೀರಿನಲ್ಲಿ ಕರಗುವ ಬಣ್ಣವಿದ್ದು, ಬೂದುಬಣ್ಣದ ಅಕ್ಷರ ಒದ್ದೆಯಾದೊಡನೆ ಅಳಿಸಲಾಗದ ನೇರಳೆಯಾಗುತ್ತಿತ್ತು; ಪತ್ರಗಳ ನಕಲು ತೆಗೆಯುವ ಗುಮಾಸ್ತರಿಗೆ ಅದು ಅನುಕೂಲವಾಗಿತ್ತು. ಚಿತ್ರಕಾರರಿಗೆಂದೇ ನೀರಿನಲ್ಲಿ ಕರಗುವ ಬಣ್ಣದ ಪೆನ್ಸಿಲುಗಳನ್ನು ಜಿನೀವಾದ ಕಾರಾನ್ ದಾಶ್ ಕಂಪನಿ ‘ಪ್ರಿಸ್ಮಾಲೊ’ ಎಂಬ ಹೆಸರಿನಲ್ಲಿ 1931ರಲ್ಲಿ ಮಾರುಕಟ್ಟೆಗೆ ತಂದಿತು. ಸಾಮಾನ್ಯ ಬಣ್ಣದ ಪೆನ್ಸಿಲಿನಲ್ಲಿ ವರ್ಣದ ಪುಡಿಯನ್ನು ಹಿಡಿದಿಡುವುದು ಮುಖ್ಯವಾಗಿ ಮೇಣ ಅಥವಾ ಎಣ್ಣೆಯಂಶವಾದ್ದರಿಂದ ಅದಕ್ಕೆ ನೀರು ಹತ್ತುವುದಿಲ್ಲ; ಇದರಲ್ಲಿ ನೀರಿಗೆ ಬಿಡುವ ಅಂಟು ಇರುವುದರಿಂದ, ಬರೆದ ಗೆರೆಗಳ ಮೇಲೆ ಒದ್ದೆ ಕುಂಚ ಎಳೆದರೆ ಅವು ಹರಡಿ ಜಲವರ್ಣವಾಗುತ್ತವೆ.

ಹೇಳಲು ಸರಳವಾದ ಈ ಕ್ರಿಯೆಯ ನಿಜವಾದ ಕಷ್ಟ ತಿಳಿಯುವುದು ಮೈಸೂರಿನ ದೇವರಾಜ ಮಾರುಕಟ್ಟೆಯಂಥ ಜಾಗದಲ್ಲಿ. ಅಲ್ಲಿ ಗೋಪುರದಂತೆ ಏರಿಸಿಟ್ಟ ಕುಂಕುಮದ ರಾಶಿಯನ್ನು ಬರೆಯುವವರು ಬೆಳಕು ಬೀಳುವ ಮಗ್ಗುಲಿಗೆ ಹಗುರವಾಗಿಯೂ ನೆರಳಿನ ಮಗ್ಗುಲಿಗೆ ಒತ್ತಿಯೂ ಗೆರೆ ಹಾಕಿ, ಕುಂಚವನ್ನು ಬೆಳಕಿನಿಂದ ನೆರಳಿನ ಕಡೆಗೆ ಎಳೆಯಬೇಕು. ತಿರುಗುಮುರುಗಾದರೆ ಗಾಢ ಕೆಂಪು ಎಲ್ಲ ಕಡೆ ಹರಿದು ರಾಶಿ ಚಪ್ಪಟೆಯಾಗುತ್ತದೆ. ಪಕ್ಕದ ಅರಿಸಿನದ ರಾಶಿಗೆ ಹೋಗುವ ಮುನ್ನ ಕುಂಚವನ್ನು ಬಟ್ಟೆಗೆ ಒರೆಸದಿದ್ದರೆ ಎರಡೂ ಕೆಡುತ್ತವೆ. ಮಲ್ಲಿಗೆಯನ್ನು ಬರೆಯುವುದೇ ಇಲ್ಲ: ಕಾಗದದ ಬಿಳುಪನ್ನು ಹಾಗೆಯೇ ಉಳಿಸಿ ಸುತ್ತ ಮಾತ್ರ ಹಸಿರು ಕಂದನ್ನು ತುಂಬುತ್ತಾರೆ, ಏಕೆಂದರೆ ಬಿಳಿ ಕಾಗದದ ಮೇಲೆ ಬಿಳಿ ಪೆನ್ಸಿಲು ಕಾಣುವುದಿಲ್ಲ. ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದರೆ ಕೆಳಗಿನ ಬಾಳೆಹಣ್ಣೂ ನೀಲಿಯ ಛಾಯೆ ಪಡೆಯುತ್ತದೆ, ಹೊಸಬರು ಅದನ್ನು ನಂಬುವುದಿಲ್ಲ. ಏಪ್ರಿಲಿನ ಬಿಸಿಲಿನಲ್ಲಿ ನೀರು ಹರಡುವ ಮೊದಲೇ ಆರಿ ಅಂಚುಗಟ್ಟುತ್ತದೆ; ಮಳೆಗಾಲದಲ್ಲಿ ಅದೇ ಪುಟ ಮಡಚಲಾಗದಷ್ಟು ಹೊತ್ತು ಹಸಿಯಾಗಿರುತ್ತದೆ.

2007ರಲ್ಲಿ ಅಮೆರಿಕದ ಸಿಯಾಟಲ್ ನಗರದ ಪತ್ರಕರ್ತ ಗೇಬ್ರಿಯೆಲ್ ಕಂಪನಾರಿಯೊ ಆರಂಭಿಸಿದ ‘ಅರ್ಬನ್ ಸ್ಕೆಚರ್ಸ್’ ಬಳಗವು ಸ್ಥಳದಲ್ಲಿಯೇ ಬರೆಯಬೇಕು, ಕಂಡದ್ದಕ್ಕೆ ನಿಷ್ಠವಾಗಿರಬೇಕು ಮುಂತಾದ ನಿಯಮಗಳನ್ನು ಮುಂದಿಟ್ಟು, ನಿತ್ಯದ ಬೀದಿಯನ್ನೇ ಚಿತ್ರದ ನೇರ ವಸ್ತುವಾಗಿಸಿತು. ಕಾಲು ಮಡಚುವ ಸ್ಟೂಲು, ಹಿಡಿಯಲ್ಲೇ ನೀರು ತುಂಬಿಕೊಳ್ಳುವ ಕುಂಚ, ಡಜನ್ ಪೆನ್ಸಿಲುಗಳ ತಗಡಿನ ಡಬ್ಬಿ ಹಿಡಿದ ಗುಂಪುಗಳು ಬೆಂಗಳೂರಿನ ಹಳೆಯ ಪೇಟೆಯಲ್ಲಿ ರಜೆಯ ದಿನ ಕಾಣಸಿಗುವುದು ಈಗ ಹೊಸದೇನಲ್ಲ. ಇಂಥ ಚಿತ್ರಗಳ ಸಾಕ್ಷ್ಯಬಲವನ್ನು ಹಿಗ್ಗಿಸಿ ಹೇಳುವ ರೂಢಿಯೂ ಬೆಳೆದಿದೆ. ಅದರಲ್ಲಿ ಸ್ವಲ್ಪ ಎಚ್ಚರ ಬೇಕು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ 2016ರಲ್ಲಿ ಕುಸಿದ ಮೇಲೆ ಅವುಗಳನ್ನು ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದದಲ್ಲಿ ಪೆನ್ಸಿಲಿನ ಚಿತ್ರದಿಂದ ಕಮಾನಿನ ಅಗಲವನ್ನು ಅಳೆಯಲು ಬರುವುದಿಲ್ಲ. ಕೈ ಕೆಲವನ್ನು ಹಿಗ್ಗಿಸುತ್ತದೆ, ಕೆಲವನ್ನು ಬಿಡುತ್ತದೆ. ಎಂಜಿನಿಯರನ ನಕ್ಷೆಯಲ್ಲಿ ಇಲ್ಲದ್ದು ಮಾತ್ರ ಅದರಲ್ಲಿ ಸಿಗುತ್ತದೆ: ಯಾವ ಕಂಬದ ಬುಡದಲ್ಲಿ ವೀಳ್ಯದೆಲೆಯವರು ಕೂರುತ್ತಿದ್ದರು, ತಕ್ಕಡಿಯನ್ನು ಎಲ್ಲಿ ತೂಗುಹಾಕಿದ್ದರು, ಹೂವಿನ ಸಾಲು ಮುಗಿದು ತೆಂಗಿನಕಾಯಿಯ ಸಾಲು ಶುರುವಾಗುತ್ತಿದ್ದದ್ದು ಎಲ್ಲಿಂದ ಎಂಬಂಥ ವಿವರಗಳು.