ರಿಸಾಲ್ ಹುಟ್ಟಿದ ಮನೆ, ಗೇಣಿ ಜಗಳದ ಕಥೆ

ಫಿಲಿಪೈನ್ಸ್‌ನ ಕಲಾಂಬಾ ಊರಿಗೆ ಹೋದರೆ ಹೊಸೆ ರಿಸಾಲ್ ಹುಟ್ಟಿ ಬೆಳೆದ ಮನೆ ಅಂತ ಒಂದು ಮ್ಯೂಸಿಯಂ ತೋರಿಸ್ತಾರೆ. 1861ರಲ್ಲಿ ಹುಟ್ಟಿದ ರಿಸಾಲ್ ಅವರನ್ನು 1896ರಲ್ಲಿ ಸ್ಪೇನ್ ಆಡಳಿತ ಗುಂಡಿಟ್ಟು ಕೊಂದಿತು. ಕೆಳಗೆ ಕಲ್ಲು, ಮೇಲೆ ಮರ, ಕಿಟಕಿಗೆ ಗಾಜಿನ ಬದಲು ತೆಳುವಾದ ಚಿಪ್ಪು. ನೋಡೋಕೆ ಚೆಂದವೇ. ಆದರೆ ಈ ಮನೆ 1950ರದ್ದು! ಶಾಲಾ ಮಕ್ಕಳು ಕೊಟ್ಟ ಕಾಸೂ ಸೇರಿ, ಹುವಾನ್ ನಾಕ್ಪಿಲ್ ಅನ್ನೋ ವಾಸ್ತುಶಿಲ್ಪಿ ಮತ್ತೆ ಕಟ್ಟಿಸಿದ್ದು.

ಹಾಗಾದ್ರೆ ಹಳೇ ಮನೆ ಏನಾಯ್ತು? ಕಲಾಂಬಾದ ಜಮೀನು ಡೊಮಿನಿಕನ್ ಪಾದ್ರಿಗಳ ಕೈಯಲ್ಲಿತ್ತು. ರಿಸಾಲ್ ಮನೆಯವರು ಗೇಣಿದಾರರು. ಬಡವರೇನಲ್ಲ, ಕಬ್ಬು ಬೆಳೆದು ಅನುಕೂಲವಾಗಿಯೇ ಇದ್ದವರು. ಗೇಣಿ ಏರುತ್ತಾ ಹೋದಾಗ ಊರವರು ಲೆಕ್ಕ ಕೇಳಿದರು. ಅವರ ಪರವಾಗಿ ಸರ್ಕಾರಕ್ಕೆ ವರದಿ ಬರೆದುಕೊಟ್ಟವರು ಸ್ವತಃ ರಿಸಾಲ್. ಕೋರ್ಟು ಪಾದ್ರಿಗಳ ಕಡೆಗೇ ನಿಂತಿತು. 1890-91ರ ಹೊತ್ತಿಗೆ ರಿಸಾಲ್ ಕುಟುಂಬದ ಜೊತೆ ಎಷ್ಟೋ ಗೇಣಿದಾರರನ್ನು ಒಕ್ಕಲೆಬ್ಬಿಸಲಾಯ್ತು. ಮಗ ಆಗ ಯುರೋಪಿನಲ್ಲಿ.

ಅಲ್ಲಿಂದಲೇ 1891ರಲ್ಲಿ ಅವರ ಎರಡನೇ ಕಾದಂಬರಿ 'ಎಲ್ ಫಿಲಿಬಸ್ಟೆರಿಸ್ಮೊ' ಹೊರಬಂತು. ಅದರಲ್ಲಿ ತಾಲೆಸ್ ಅಂತ ಒಬ್ಬ ರೈತ ಬರ್ತಾನೆ. ಕಾಡು ಕಡಿದು ಹೊಲ ಮಾಡಿದವನು. ಪಾದ್ರಿಗಳು ಜಮೀನು ತಮ್ಮದು ಅಂತಾರೆ, ಗೇಣಿ ಏರಿಸ್ತಾರೆ, ಕೊನೆಗೆ ಅವನು ಡಕಾಯಿತರ ಜೊತೆ ಸೇರ್ತಾನೆ. ನನ್ನ ಕೇಳಿದ್ರೆ, ಕಲಾಂಬಾದ ಹಳೇ ಮನೆ ಉಳಿದಿರೋದು ಆ ಪುಟಗಳಲ್ಲೇ.