ಬಂಡೆ ಸಿಡಿಯುವ ಮುನ್ನ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಇಲ್ಲಿನ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನ 1915ರಲ್ಲಿ ಪತ್ತೆಯಾದ ಸಂಗತಿ ಪಠ್ಯಪುಸ್ತಕಗಳಲ್ಲಿದೆ. ಅದನ್ನು ಕಂಡವನು ಇತಿಹಾಸಕಾರನಲ್ಲ, ನಿಜಾಮ್ ಸರ್ಕಾರದ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಈ ಸೀಮೆಯಲ್ಲಿ ಚಿನ್ನದ ಹುಡುಕಾಟ ಬೀಡನ್‌ಗಿಂತ ಬಹಳ ಹಿಂದಿನದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪುರಾತನರು 640 ಅಡಿ ಆಳದವರೆಗೆ ಗಣಿ ತೋಡಿದ್ದರು. ಅಲ್ಲಿ ದೊರೆತ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷ ಹಳೆಯವೆಂದು ಇಂಗಾಲ ಪರೀಕ್ಷೆ ತಿಳಿಸಿದೆ. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ಬಿರುಕು ಬಿಡಿಸಿ ಒಡೆಯುತ್ತಿದ್ದರು.

ಬಂಡೆಯನ್ನು ಒಡೆಯುವುದು ಒಂದು ವಿದ್ಯೆಯಾದರೆ, ಅದು ತಾನಾಗಿ ಯಾವಾಗ ಒಡೆದೀತೆಂದು ಅರಿಯುವುದು ಇನ್ನೊಂದು. ಕಬ್ಬಿಣ ಬಾಗಿ ಮುನ್ಸೂಚನೆ ಕೊಡುತ್ತದೆ. ಕಲ್ಲು, ಗಾಜಿನಂಥ ಪೆಡಸು ವಸ್ತುಗಳು ಬಾಗುವುದಿಲ್ಲ, ಒಮ್ಮೆಲೇ ಮುರಿಯುತ್ತವೆ. ಆದರೆ ಅದಕ್ಕೆ ಮುನ್ನ ಒಳಗೆ ಸಣ್ಣ ಬಿರುಕುಗಳು ಹುಟ್ಟುತ್ತವೆ. ಪ್ರತಿ ಬಿರುಕೂ ಒಂದು ಸದ್ದು ಮಾಡುತ್ತದೆ.

ಗಣಿ ಕಾರ್ಮಿಕರಿಗೆ ಕಿವಿಯೇ ಮೊದಲ ಉಪಕರಣ. ಕೊಳ್ಳುವ ಮುನ್ನ ಮಡಕೆಯನ್ನು ತಟ್ಟಿ ನೋಡುವಂತೆ, ಅವರು ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ ನೋಡುತ್ತಾರೆ. ‘ಖಣ್’ ಎಂದರೆ ಗಟ್ಟಿ. ಬೋಳು ಸದ್ದು ಬಂದರೆ ಅಪಾಯ.

ಆದರೆ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ಕಿವಿ ಸಾಲದಾಯಿತು. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಮೇಲಿನ ಬಂಡೆಯ ಭಾರಕ್ಕೆ ಗೋಡೆಗಳೇ ಸಿಡಿಯುತ್ತಿದ್ದವು. ಹಿಂದೆ ಇದನ್ನು ‘ಏರ್‌ಬ್ಲಾಸ್ಟ್’ ಎನ್ನುತ್ತಿದ್ದರು. ಇಂದಿನ ಹೆಸರು ಶಿಲಾಸ್ಫೋಟ. ಅದಕ್ಕೆ ಅನೇಕ ಕಾರ್ಮಿಕರು ಬಲಿಯಾದರು. ಭೂಮಿಯ ಮೇಲಿನ ಮನೆಗಳೂ ನಡುಗುತ್ತಿದ್ದವು.

ಇದಕ್ಕೆ ದಾರಿ ತೋರಿದ್ದು ಅಮೆರಿಕದ ಒಂದು ಆಕಸ್ಮಿಕ. 1930ರ ದಶಕದ ಕೊನೆಯಲ್ಲಿ ಲೆನಾರ್ಡ್ ಓಬರ್ಟ್ ಎಂಬ ವಿಜ್ಞಾನಿ ಸೀಸ–ಸತು ಗಣಿಯೊಂದರಲ್ಲಿ ಶಬ್ದದ ವೇಗ ಅಳೆಯುತ್ತಿದ್ದಾಗ, ಉಪಕರಣ ಬೇಡದ ಸದ್ದುಗಳನ್ನೂ ದಾಖಲಿಸಿತು. ಅವು ಒತ್ತಡಕ್ಕೆ ಸಿಕ್ಕ ಬಂಡೆಯಿಂದಲೇ ಬರುತ್ತಿದ್ದವು. 1950ರಲ್ಲಿ ಜರ್ಮನಿಯ ಜೋಸೆಫ್ ಕೈಸರ್ ಮತ್ತೊಂದು ಗುಣವನ್ನು ಗುರುತಿಸಿದ: ಒಮ್ಮೆ ಭಾರ ಹೊತ್ತ ವಸ್ತು, ಆ ಮಟ್ಟವನ್ನು ಮೀರುವವರೆಗೆ ಮತ್ತೆ ಹೆಚ್ಚಾಗಿ ಸದ್ದು ಮಾಡುವುದಿಲ್ಲ. ಅಂದರೆ ಅದಕ್ಕೆ ಹಳೆಯ ಭಾರದ ನೆನಪಿರುತ್ತದೆ!

ಕೋಲಾರದಲ್ಲೂ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಕಂಪನ ಗ್ರಾಹಕಗಳ ಜಾಲ ಬಂತು. ಇದರ ತತ್ವ ಸರಳ. ಗಟ್ಟಿ ಬಂಡೆಯಲ್ಲಿ ಕಂಪನ ಸೆಕೆಂಡಿಗೆ ಸುಮಾರು 5ರಿಂದ 6 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಒಂದೇ ಸದ್ದು ಬೇರೆ ಬೇರೆ ಗ್ರಾಹಕಗಳನ್ನು ತಲುಪುವ ಹೊತ್ತಿನಲ್ಲಿರುವ ಅಂತರದಿಂದ ಬಿರುಕಿನ ಜಾಗವನ್ನು ಲೆಕ್ಕ ಹಾಕಬಹುದು. ಸದ್ದುಗಳು ಒಂದೆಡೆ ದಟ್ಟವಾಗತೊಡಗಿದರೆ ಅಲ್ಲಿ ಎಚ್ಚರಿಕೆ ಬೇಕು. ಜೊತೆಗೆ ಕಂಪ್ಯೂಟರಿನಲ್ಲಿ ಗಣಿಯ ಪ್ರತಿರೂಪ ರಚಿಸಿ, ಯಾವ ಭಾಗದ ಅದಿರು ತೆಗೆದರೆ ಭಾರ ಎಲ್ಲಿಗೆ ವರ್ಗವಾಗುತ್ತದೆ ಎಂದು ಮೊದಲೇ ನೋಡಬಹುದು. ಲೆಕ್ಕಕ್ಕೂ ಸದ್ದಿಗೂ ತಾಳೆಯಾದರೆ ಎಚ್ಚರಿಕೆಗೆ ಬಲ ಬರುತ್ತದೆ.

ಈ ಬಗೆಯ ಅಧ್ಯಯನಕ್ಕೆಂದೇ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಆರಂಭವಾಯಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದವು. ವಿದ್ಯೆ ಮುಚ್ಚಲಿಲ್ಲ, ಸುರಂಗ, ಅಣೆಕಟ್ಟು, ಕಲ್ಲಿದ್ದಲು ಗಣಿಗಳಿಗೂ ಅದು ಬೇಕು.

ಇಷ್ಟಾದರೂ ಅಪಾಯದ ಗಳಿಗೆಯನ್ನು ನಿಖರವಾಗಿ ಹೇಳುವುದು ಸಾಧ್ಯವಾಗಿಲ್ಲ. ಕೆಲವೊಮ್ಮೆ ಸದ್ದು ಏರಿದರೂ ಬಂಡೆ ನಿಲ್ಲುತ್ತದೆ. ಕೆಲವೊಮ್ಮೆ ಹೆಚ್ಚು ಸುಳಿವಿಲ್ಲದೆ ಸಿಡಿಯುತ್ತದೆ. ಎಲ್ಲಿ ಅಪಾಯ ಎಂಬುದಕ್ಕೆ ಉತ್ತರ ಸಿಗುವಷ್ಟು ಸುಲಭವಾಗಿ ಯಾವಾಗ ಎಂಬುದಕ್ಕೆ ಸಿಗುವುದಿಲ್ಲ. ಹಾಗಾಗಿ ಅನುಮಾನ ಬಂದ ಜಾಗದಿಂದ ಕಾರ್ಮಿಕರನ್ನು ಮೊದಲು ಹೊರತರುವುದೇ ಈ ವಿದ್ಯೆಯ ನಿಜವಾದ ಉಪಯೋಗ. ಆ ಒಂದು ಪಾಳಿಯ ಉತ್ಪಾದನೆ ನಷ್ಟವಾಗಬಹುದು, ಜೀವ ಉಳಿಯುತ್ತದೆ. ಪುರಾತನರು ನಿಲ್ಲಿಸಿದ 640 ಅಡಿಯನ್ನು ಹಟ್ಟಿಯ ಗಣಿ ಎಂದೋ ದಾಟಿ ಕೆಳಗಿಳಿದಿದೆ. ಆಳ ಹೆಚ್ಚಿದಂತೆ ಬಂಡೆಯ ಮೇಲಿನ ಭಾರವೂ ಹೆಚ್ಚುವುದರಿಂದ, ಕೋಲಾರ ದುಬಾರಿ ಬೆಲೆ ತೆತ್ತು ಕಲಿತ ಈ ಪಾಠ ಹಟ್ಟಿಗೂ ಬೇಕಾದದ್ದೇ.