ಕರೆಂಟ್ ಹೋದ್ರೂ ಉಳಿಯೋ ಆಟ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಹಳೇ ವಿಡಿಯೋ ಗೇಮ್‌ಗಳ ಕಥೆ. ಆದ್ರೆ ಶುರು ಮಾಡೋದು ಕರೆಂಟಿಂದ.

1902ರ ಜೂನ್ 30. ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೆಜಿಎಫ್ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ನಾನು ಚಾಂಪಿಯನ್ ರೀಫ್ಸ್ ಹುಡುಗ. ರಾಜಧಾನಿಗಿಂತ ಮೊದಲು ನಮಗೆ ಕರೆಂಟ್ ಬಂತು ಅಂತ ಸಿಕ್ಕವರಿಗೆಲ್ಲ ಹೇಳಿ ಜಂಬ ಪಟ್ಟಿದ್ದೀನಿ. ಅದೇ ಊರಲ್ಲಿ, 2020ರ ಒಂದು ಸಂಜೆ, ಎರಡೇ ಸೆಕೆಂಡ್ ಕರೆಂಟ್ ಹೋಗಿ ಬಂತು. ಅಷ್ಟರಲ್ಲಿ ನನ್ನ ಎರಡು ರಾತ್ರಿಯ ಕೆಲಸ ನೀರಲ್ಲಿ ಹೋಮ ಆಗೋಯ್ತು.

ಏನು ಕೆಲಸ ಅಂದ್ರೆ, ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಆಗ ನಾನು ಚಿಕ್ಕವನು. ಚಾಂಪಿಯನ್ ರೀಫ್ಸ್ ಗಣಿ ಅಂದ್ರೆ 3 ಕಿಲೋಮೀಟರಿಗಿಂತ ಆಳ. ಅಲ್ಲಿ ಇಳಿದು ದುಡಿದ ಅಪ್ಪ ಆಮೇಲೆ ದಿನಾ ಬೆಳಗ್ಗೆ ಕತ್ತಲಲ್ಲೇ ರೈಲು ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೂಲಿಗೆ ಹೋಗೋಕೆ ಶುರು ಮಾಡಿದ್ರು. ಒಂದ್ಸಲ ಬರ್ತಾ ಟಿವಿಗೆ ಹಾಕೋ ವಿಡಿಯೋ ಗೇಮ್ ತಂದ್ರು. ಕ್ಯಾಸೆಟ್ ಮೇಲೆ ಸಾವಿರಾರು ಗೇಮ್ ಅಂತ ಬರೆದಿತ್ತು, ಒಳಗಿದ್ದದ್ದು ಹತ್ತೋ ಹನ್ನೆರಡೋ. ನೀವೂ ಮೋಸ ಹೋಗಿರ್ತೀರಾ ಬಿಡಿ! ಆ ಡಬ್ಬಿ ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು. ಅದರ ದೊಡ್ಡ ಗುಣ ಒಂದೇ: ಕ್ಯಾಸೆಟ್ ತುರುಕು, ಆನ್ ಮಾಡು, ಆಡು. ಇನ್‌ಸ್ಟಾಲ್ ಇಲ್ಲ, ಸೆಟ್ಟಿಂಗ್ ಇಲ್ಲ. ಭಾನುವಾರ ಮಾತ್ರ ಅಪ್ಪ ಮನೇಲಿರ್ತಿದ್ರು. ಭಾನುವಾರ ಅಂದ್ರೆ ನಾವಿಬ್ಬರೂ ಕಾಂಟ್ರಾ. ಡಬ್ಬಿ ಕೆಟ್ಟ ಮೇಲೆ ಅದೂ ನಿಂತೋಯ್ತು.

ಗಣಿ ಮುಚ್ಚಿ ಸರಿಯಾಗಿ ಹನ್ನೊಂದು ವರ್ಷ ಒಂದು ದಿನಕ್ಕೆ, 2012ರ ಫೆಬ್ರವರಿ 29ರಂದು, ಇಂಗ್ಲೆಂಡಲ್ಲಿ ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂತು. ಒಂದೇ ಬೋರ್ಡಿನ ಮೇಲೆ ಇಡೀ ಕಂಪ್ಯೂಟರ್. ಅಳತೆ ಎಟಿಎಂ ಕಾರ್ಡಿನಷ್ಟು, ಬೆಲೆ 35 ಡಾಲರ್. ಎಬೆನ್ ಅಪ್ಟನ್ ಮತ್ತು ಜೊತೆಗಾರರ ಆಸೆ ಮಕ್ಕಳು ಪ್ರೋಗ್ರಾಮಿಂಗ್ ಕಲೀಲಿ ಅಂತ. ಜನ ಮಾಡಿದ್ದು? ಅದರಲ್ಲಿ ಹಳೇ ಗೇಮ್ ಆಡೋ ದಾರಿ ಹುಡುಕಿದ್ರು.

ದಾರಿ ಸುಲಭ ಇರ್ಲಿಲ್ಲ. ಪ್ರತಿ ಹಳೇ ಮೆಷಿನ್ನಿಗೂ ಒಂದು ಎಮ್ಯುಲೇಟರ್ ಬೇಕು, ಅಂದ್ರೆ ಆ ಮೆಷಿನ್ ಥರ ವೇಷ ಹಾಕೋ ಸಾಫ್ಟ್‌ವೇರ್. ಅದರ ಸೋರ್ಸ್ ಕೋಡ್ ತರಬೇಕು, ಆ ಪುಟ್ಟ 700 ಮೆಗಾಹರ್ಟ್ಸ್ ಪ್ರೊಸೆಸರಲ್ಲೇ ಗಂಟೆಗಟ್ಟಲೆ ಕಂಪೈಲ್ ಮಾಡಬೇಕು, ರಿಮೋಟಿನ ಒಂದೊಂದು ಗುಂಡಿಗೂ ಅರ್ಥ ಹೇಳಿಕೊಡಬೇಕು. ಒಂದು ಅಕ್ಷರ ತಪ್ಪಿದ್ರೆ ಪರದೆ ಕಪ್ಪು. ಅದೇ 2012ರಲ್ಲಿ ಫ್ಲೋರಿಯನ್ ಮ್ಯೂಲರ್ ಅನ್ನೋ ಡೆವಲಪರ್ ಈ ಹೆಜ್ಜೆಗಳನ್ನೆಲ್ಲ ಒಂದು ಸ್ಕ್ರಿಪ್ಟಲ್ಲಿ ಬರೆದು ಹಂಚಿಬಿಟ್ರು. ಅದೇ ರೆಟ್ರೋಪೈ. ಸ್ಕ್ರಿಪ್ಟ್ ಅಂದ್ರೆ ಹೆದರಬೇಡಿ. ಇದಾದ ಮೇಲೆ ಇದು, ಅದಾದ ಮೇಲೆ ಅದು ಅಂತ ಕಂಪ್ಯೂಟರಿಗೆ ಕೊಟ್ಟ ಕೆಲಸದ ಪಟ್ಟಿ, ಅಷ್ಟೇ. ಒಬ್ಬ ಕಷ್ಟಪಟ್ಟು ಕಲಿತದ್ದು ಸಾವಿರಾರು ಜನರಿಗೆ ಸಿಕ್ತು.

2020ರ ಲಾಕ್‌ಡೌನಲ್ಲಿ ರೈಲು ನಿಂತಿತು. ಎಷ್ಟೋ ವರ್ಷಗಳಾದ ಮೇಲೆ ಅಪ್ಪ ವಾರಪೂರ್ತಿ ಮನೇಲಿ. ಸುಮ್ಮನೆ ಗೋಡೆ ನೋಡ್ತಾ ಕೂತಿರ್ತಿದ್ರು. ಒಂದು ಪೈ ಇತ್ತು, ಎರಡು ರಾತ್ರಿ ಕೂತು ರೆಟ್ರೋಪೈ ಹಾಕಿದೆ. ಮೂರನೇ ವಾರ ಆ ಎರಡು ಸೆಕೆಂಡ್! ಪೈನಲ್ಲಿ ಎಲ್ಲವೂ ಇರೋದು ಉಗುರಿನಷ್ಟು ಎಸ್‌ಡಿ ಕಾರ್ಡಲ್ಲಿ. ಅದು ಏನನ್ನೋ ಬರೀತಿರೋವಾಗ ಕರೆಂಟ್ ಹೋದ್ರೆ ಫೈಲ್‌ಗಳು ಅರ್ಧಂಬರ್ಧ ಆಗಿ ಕಾರ್ಡೇ ಕೆಡಬಹುದು. ಪೈ 5 ಬರೋವರೆಗೆ ಆ ಬೋರ್ಡಿಗೆ ಆಫ್ ಮಾಡೋ ಗುಂಡಿ ಕೂಡ ಇರ್ಲಿಲ್ಲ. ಮತ್ತೆ ಹಾಕಿದೆ. ಮತ್ತೆ ಹೋಯ್ತು.

ಅಪ್ಪ ಕೇಳಿದ್ರು: "ಏನೋ, ಮತ್ತೆ ಮೊದಲಿಂದಾನಾ? ಮಾಡಿದ್ದನ್ನ ಬರೆದಿಟ್ಕೊಂಡಿಲ್ವಾ?"

ನಾನು ಬಿ.ಕಾಂ. ಈ ಪಾಠ ನನಗೆ ಮೊದಲೇ ಗೊತ್ತಿರಬೇಕಿತ್ತು. ಜರ್ನಲ್ಲಲ್ಲಿ ಪ್ರತಿ ವ್ಯವಹಾರ ಸಾಲಾಗಿ ಬರೆದಿದ್ರೆ, ಲೆಡ್ಜರ್ ಸುಟ್ಟುಹೋದ್ರೂ ಇನ್ನೊಂದು ಲೆಡ್ಜರ್ ಕಟ್ಟಬಹುದು. ನಾನು ಲೆಡ್ಜರನ್ನ ಜೋಪಾನ ಮಾಡ್ತಿದ್ದೆ, ಜರ್ನಲ್ಲೇ ಬರೆದಿರ್ಲಿಲ್ಲ.

ಬರೆದೆ. ಸುಮಾರು ನಲವತ್ತು ಸಾಲಿನ ಸ್ಕ್ರಿಪ್ಟ್. ಸಿಸ್ಟಮ್ ಅಪ್‌ಡೇಟ್ ಮಾಡು. ರೆಟ್ರೋಪೈ ತಂದು, ಮೆನು ತೋರಿಸದೆ ನೀನೇ ಹಾಕ್ಕೋ. ರಿಮೋಟಿನ ಸೆಟ್ಟಿಂಗ್ ಕಾಪಿ ಮಾಡು. ಆಟ ಎಲ್ಲಿಗೆ ನಿಂತಿತ್ತೋ ಆ ಸೇವ್ ಫೈಲ್‌ಗಳನ್ನ ಪೆನ್‌ಡ್ರೈವಿಂದ ವಾಪಸ್ ತಾ. ಪ್ರತಿ ಹೆಜ್ಜೆಗೂ ಒಂದು ನಿಯಮ: ಆಗಲೇ ಆಗಿದ್ರೆ ಬಿಡು, ಆಗಿಲ್ಲದಿದ್ರೆ ಮಾಡು. ಇದರಿಂದ ನಡುವೆ ಕರೆಂಟ್ ಹೋದ್ರೂ ಮತ್ತೆ ಓಡಿಸಬಹುದು. ನನ್ನ ಬುದ್ಧಿ ಅಲ್ಲ ಇದು. ಪೈ ಹುಟ್ಟಿದ ಅದೇ ಫೆಬ್ರವರಿಯಲ್ಲಿ ಬಂದ ಆನ್ಸಿಬಲ್ ಅನ್ನೋ ಸಾಫ್ಟ್‌ವೇರ್ ದೊಡ್ಡ ಕಂಪನಿಗಳ ಸರ್ವರ್‌ಗಳನ್ನ ಇದೇ ನಿಯಮದ ಮೇಲೆ ಸಿದ್ಧ ಮಾಡುತ್ತೆ. ಈಗ ಕಾರ್ಡ್ ಕೆಟ್ರೆ ಹೊಸ ಕಾರ್ಡ್ ಹಾಕಿ, ಒಂದು ಸಾಲು ಟೈಪ್ ಮಾಡಿ, ಊಟಕ್ಕೆ ಹೋಗ್ತೀನಿ.

ಒಂದು ಮಾತು. ಸ್ಕ್ರಿಪ್ಟಲ್ಲಿ ಗೇಮ್‌ಗಳಿಲ್ಲ, ರೆಟ್ರೋಪೈ ಕೂಡ ಕೊಡಲ್ಲ. ಹಳೇದಾದ್ರೂ ಅವುಗಳ ಹಕ್ಕು ಕಂಪನಿಗಳ ಕೈಲೇ ಇದೆ. ನಾವು ಆಡೋದು ಕಾಸು ಕೊಟ್ಟು ತಗೊಂಡ ಮೈಕ್ರೋ ಮೇಜಸ್. 2019ರಲ್ಲಿ ಬಂದ ಗೇಮ್, ಆದ್ರೆ 1985ರ ಸೂಪರ್ ಮಾರಿಯೋ ಹಾಗೇ 40 ಕಿಲೋಬೈಟಲ್ಲಿ ಕೂತಿದೆ. ನಿಮ್ಮ ವಾಟ್ಸಾಪಿನ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದು!

ಒಂದಿನ ಆಡ್ತಾ ಅಪ್ಪ ಹೇಳಿದ್ರು: "ಕೆಳಗೆ ಬಂಡೆಗೆ ಸಲಾಕೆಯಿಂದ ತಟ್ಟಿದ್ರೆ, ಸದ್ದಲ್ಲೇ ಗೊತ್ತಾಗ್ತಿತ್ತು, ನಿಲ್ಲುತ್ತೋ ಬೀಳುತ್ತೋ ಅಂತ. ಅದನ್ನ ನಾನು ಯಾರಿಗೂ ಹೇಳಿಕೊಡಲಿಲ್ಲ. ಹೇಳಿಕೊಡೋಕೆ ಯಾರಿದ್ರು?" ಪಂಪ್ ನಿಲ್ಲಿಸಿದ ಮೇಲೆ ಗಣಿಯಲ್ಲಿ ನೀರು ತುಂಬ್ಕೊಂಡಿದೆ. ಆ ಸದ್ದು ಈಗ ಅಪ್ಪನ ತಲೆಯಲ್ಲಿ ಮಾತ್ರ ಇದೆ, ಅವರ ಜೊತೆ ದುಡಿದ ಕೆಲವರ ತಲೆಯಲ್ಲಿ ಇದೆ. ಅದಕ್ಕೆ ಯಾವ ಸ್ಕ್ರಿಪ್ಟೂ ಇಲ್ಲ.

ನನ್ನ ಹತ್ರ ಮೈಕ್ ಇದೆ. ಆ ರಾತ್ರಿಯೇ ಆನ್ ಮಾಡಿದೆ. ಮುಂದಿನ ಎಪಿಸೋಡಲ್ಲಿ ನೀವು ಕೇಳೋದು ಅಪ್ಪನ ದನಿ. ಅಲ್ಲಿವರೆಗೆ ನಿಮ್ಮನೆ ಹಿರಿಯರಿಗೆ ಬರೋ ಒಂದು ಕೆಲಸ, ಹೆಜ್ಜೆ ಹೆಜ್ಜೆಯಾಗಿ, ಫೋನಲ್ಲೇ ಬರೆದಿಡಿ. ಸಿಗೋಣ.